ಅಡಿಗೆಮನೆಯ ಮಾತು: ಹೇಳುವುದು, ಕೇಳುವುದು, ಬರೆದಿಡುವುದು

ನಮ್ಮ ಕೇಟರಿಂಗ್ ಬಂಧುಗಳು ನಾಲ್ಕು ಜನ ಸೇರಿದಲ್ಲಿ ಯಾವ ವಿಷಯ ಎತ್ತಿದರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಜನ ಸಿಗುವುದಿಲ್ಲ, ಸಿಕ್ಕಿದವರು ನಿಲ್ಲುವುದಿಲ್ಲ." ಗ್ಯಾಸಿನ ಬೆಲೆಯಿಂದ ಶುರುವಾದರೂ ಅಷ್ಟೆ, ಹಾಲ್ ಬಾಡಿಗೆಯಿಂದ ಶುರುವಾದರೂ ಅಷ್ಟೆ. ಪಗಾರ ಏರಿಸಿದೆವು, ನಿಲ್ಲಲಿಲ್ಲ. ರೂಮು ಕೊಟ್ಟೆವು, ನಿಲ್ಲಲಿಲ್ಲ. ಊರಿಗೆ ಹೋಗಲು ಟಿಕೆಟ್ ತೆಗೆಸಿಕೊಟ್ಟೆವು, ಹೋದವರು ಮತ್ತೆ ಬರಲೇ ಇಲ್ಲ ಎಂದು ಹೇಳುವ ಮಾಲಕರು ಎಷ್ಟೋ ಮಂದಿ ಇದ್ದಾರೆ. ಅವರು ಹೇಳುವುದು ಸುಳ್ಳೇನಲ್ಲ. ಆದರೆ ಆ ಜನರೊಡನೆ ನಾವು ಯಾವ ರೀತಿ ಮಾತನಾಡುತ್ತೇವೆ, ಅವರ ಮಾತನ್ನು ಎಷ್ಟು ಕೇಳಿಸಿಕೊಳ್ಳುತ್ತೇವೆ, ಕೊಟ್ಟ ಮಾತನ್ನು ಎಲ್ಲಿ ಬರೆದಿಟ್ಟಿದ್ದೇವೆ ಎಂಬ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಈ ಸಲ ಅದನ್ನೇ ಸ್ವಲ್ಪ ಚರ್ಚೆ ಮಾಡೋಣ ಎಂದುಕೊಂಡಿದ್ದೇವೆ.

ಹಿಂದಿನ ಕಾಲದ ಏರ್ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಟ್ರಂಕು ಹಿಡಿದುಕೊಂಡು ಮುಂಬಯಿಗೋ ಪುಣೆಗೋ ಚೆನ್ನೈಗೋ ಬಂದ ಹುಡುಗ ಮಾಲಕರ ಊರಿನವನೋ, ನೆಂಟನೋ, ನೆಂಟರ ಪೈಕಿಯವನೋ ಆಗಿರುತ್ತಿದ್ದ. ತುಳುವಿನಲ್ಲೋ ಕುಂದಗನ್ನಡದಲ್ಲೋ ಅರ್ಧ ಹೇಳಿದರೆ ಉಳಿದರ್ಧವನ್ನು ಅವನೇ ತಿಳಿದುಕೊಳ್ಳುತ್ತಿದ್ದ. ಬೈದರೆ ಸೋದರಮಾವ ಬೈದ ಹಾಗೆ. ತಕರಾರು ಜೋರಾದರೆ ಊರಿನಲ್ಲಿ ಮಾಲಕರ ತಾಯಿಯೂ ಹುಡುಗನ ತಾಯಿಯೂ ದೇವಸ್ಥಾನದ ಜಾತ್ರೆಯಲ್ಲಿ ಸಿಕ್ಕಿ ಮಾತನಾಡಿ ಮುಗಿಸುತ್ತಿದ್ದರು. ಯಾವ ಕಾಗದ, ಯಾವ ಸಹಿ ಬೇಕಿತ್ತು?

ಇಂದು ನಮ್ಮ ಕೊಪ್ಪರಿಗೆಯ ಮುಂದೆ ನಿಂತಿರುವವರು ಯಾರು? ನೇಪಾಳದವರು, ಒಡಿಶಾದವರು, ಬಂಗಾಳ, ಜಾರ್ಖಂಡ್, ಅಸ್ಸಾಮಿನವರು. ದಿಲ್ಲಿಯಲ್ಲಿ ಮೊದಲಿನಿಂದಲೂ ಹಾಗೆಯೇ ಇತ್ತು, ಈಗ ಹೈದರಾಬಾದಿನಲ್ಲೂ ಚೆನ್ನೈಯಲ್ಲೂ ಹಾಗೆಯೇ. ಮುಖ್ಯ ಅಡಿಗೆಯ ಭಟ್ಟರು ಒಬ್ಬರು ನಮ್ಮವರು ಸಿಕ್ಕರೆ ಪುಣ್ಯ. ಅರ್ಧ ಮಾತಿನಲ್ಲಿ ಕೆಲಸ ಆಗುತ್ತಿದ್ದ ಕಾಲ ಹೋಯಿತು. ನಮ್ಮ ಮಾತು ಮಾತ್ರ ಇನ್ನೂ ಅರ್ಧವೇ ಇದೆ!

ಒಂದು ಉದಾಹರಣೆ ನೋಡಿ. ಸಜ್ಜಿಗೆ ಎಂದರೆ ಏನು? ಉಡುಪಿ ಮಂಗಳೂರಿನವರನ್ನು ಕೇಳಿದರೆ ಉಪ್ಪಿಟ್ಟು. ಸಜ್ಜಿಗೆ ಬಜಿಲ್ ಎಂದರೆ ಬೆಳಗ್ಗಿನ ತಿಂಡಿಗೆ ಉಪ್ಪಿಟ್ಟು ಅವಲಕ್ಕಿ. ಮೈಸೂರು ಕಡೆಯವರನ್ನು ಕೇಳಿದರೆ ಸತ್ಯನಾರಾಯಣ ಪೂಜೆಯ ಸಿಹಿ ಸಜ್ಜಿಗೆ. ಕನ್ನಡ ಮಾತನಾಡುವ ನಮ್ಮಲ್ಲೇ ಒಬ್ಬರಿಗೆ ಉಪ್ಪು, ಇನ್ನೊಬ್ಬರಿಗೆ ಸಕ್ಕರೆ. ಹೀಗಿರುವಾಗ ಫೋನಿನಲ್ಲಿ "ಬೆಳಿಗ್ಗೆ ಇನ್ನೂರು ಜನಕ್ಕೆ ಸಜ್ಜಿಗೆ" ಎಂದು ಹೇಳಿ ಫೋನ್ ಇಟ್ಟರೆ ಏನಾದೀತು? ಮರಾಠಿಯಲ್ಲಿ ಭಾಜಿ ಎಂದರೆ ಪಲ್ಯ, ಭಜಿ ಎಂದರೆ ನಮ್ಮ ಬಜ್ಜಿ. ಗದ್ದಲದ ಹಾಲಿನಲ್ಲಿ ನಿಂತು ಕೂಗಿದರೆ ಎರಡೂ ಒಂದೇ ತರಹ ಕೇಳಿಸುತ್ತದೆ. ಹಿಂದಿಯಲ್ಲಿ ಕಲ್ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಪೈಸಾ ಕಲ್ ಕಾ" ಎಂದು ಮಾಲಕರು ಹೇಳಿದ್ದು ನಿನ್ನೆಯ ಲೆಕ್ಕವೋ ನಾಳೆ ಕೊಡುವ ಮಾತೋ ಎಂದು ಹುಡುಗರು ರಾತ್ರಿಯಿಡೀ ತಲೆ ಕೆಡಿಸಿಕೊಳ್ಳುತ್ತಾರೆ. ಇನ್ನು "14ನೇ ತಾರೀಕು ರಾತ್ರಿ 12ಕ್ಕೆ ಟೆಂಪೊ ಬಿಡಬೇಕು" ಎಂಬ ಮಾತು! 13ರ ರಾತ್ರಿ ಮುಗಿಯುವ 12 ಗಂಟೆಯೋ, 14ರ ರಾತ್ರಿ ಮುಗಿಯುವ 12 ಗಂಟೆಯೋ? "ಹದಿಮೂರನೇ ತಾರೀಕು ಶುಕ್ರವಾರ ರಾತ್ರಿ 11.45" ಎಂದು ಹೇಳಿದರೆ ಯಾರ ಗಂಟು ಹೋಗುತ್ತದೆ?

ಇದಕ್ಕೆಲ್ಲ ನಮ್ಮ ಹುಡುಗರ ಉತ್ತರ ಒಂದೇ: "ಹಾಂ ಶೇಟ್." ನಾವು ತಿಳಿಯುವುದು, ಅವನಿಗೆ ಅರ್ಥವಾಯಿತು ಎಂದು. ಅವನು ಹೇಳಿದ್ದು, ನೀವು ಮಾತನಾಡಿದ್ದು ಕೇಳಿಸಿತು ಎಂದು ಮಾತ್ರ. ಅರ್ಥವಾಗಲಿಲ್ಲ ಎಂದು ಹೇಳಿದರೆ "ಇಷ್ಟೂ ಗೊತ್ತಾಗುವುದಿಲ್ಲವೇ, ಕತ್ತೆ" ಎಂಬ ಮಾತು ಬರುತ್ತದೆಂದು ಅವನಿಗೆ ಗೊತ್ತು. ಹಾಗಾಗಿ ಹಾಂ ಎಂದು ತಲೆಯಾಡಿಸಿ ಹೋಗುತ್ತಾನೆ, ಹೋಗಿ ಪಕ್ಕದವನನ್ನು ಕೇಳುತ್ತಾನೆ. ಪಕ್ಕದವನಿಗೂ ಗೊತ್ತಿರುವುದಿಲ್ಲ.

ರೈಲ್ವೆಯಲ್ಲಿ ಒಂದು ಪದ್ಧತಿ ಇದೆ. ಒಂದು ಸ್ಟೇಷನ್ನಿನ ಮಾಸ್ತರರು ಮುಂದಿನ ಸ್ಟೇಷನ್ನಿನ ಮಾಸ್ತರರ ಹತ್ತಿರ ಗಾಡಿಯ ವಿಷಯ ಫೋನಿನಲ್ಲಿ ಮಾತನಾಡುವಾಗ ಪ್ರೈವೇಟ್ ನಂಬರ್ ಎಂದು ಒಂದು ಸಂಖ್ಯೆ ಕೊಡುತ್ತಾರೆ, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ವಿಮಾನದ ಪೈಲಟರು ಕಂಟ್ರೋಲ್ ಟವರಿನಿಂದ ಬಂದ ಸೂಚನೆಯನ್ನು ತಿರುಗಿ ಓದಿ ಹೇಳಬೇಕು. ಬರೀ ಓಕೆ ಎಂದರೆ ನಡೆಯುವುದಿಲ್ಲ. ಅವರೆಲ್ಲ ಓದಿದವರು, ಒಂದೇ ಭಾಷೆಯಲ್ಲಿ ಮಾತನಾಡುವವರು, ಆದರೂ ಅಷ್ಟು ಜಾಗ್ರತೆ. ನಾಲ್ಕು ಭಾಷೆಯ ಅಡಿಗೆಮನೆಯಲ್ಲಿ ನಾವು "ಹಾಂ ಶೇಟ್" ನಂಬಿಕೊಂಡು ಸಾವಿರ ಎಲೆಯ ಊಟ ತೆಗೆಯಲು ಹೊರಡುತ್ತೇವೆ! ಟೆಂಪೊ ತುಂಬುವ ಮುನ್ನ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಹೇಳಬೇಕಾದದ್ದನ್ನು ಹೇಳಿ, ಆಮೇಲೆ ಒಬ್ಬೊಬ್ಬರಾಗಿ "ನಿನ್ನ ಕೆಲಸ ಏನು, ಎಷ್ಟು ಗಂಟೆಗೆ, ಏನು ಕಡಿಮೆ ಬಿದ್ದರೆ ಯಾರಿಗೆ ಹೇಳುತ್ತೀ" ಎಂದು ಕೇಳಿ ನೋಡಿ. ಹತ್ತರಲ್ಲಿ ಮೂರು ಜನರ ಉತ್ತರ ನಾವು ಹೇಳಿದ್ದಕ್ಕೆ ಸಂಬಂಧವೇ ಇರುವುದಿಲ್ಲ. ಅದು ಗೋಡೌನಿನಲ್ಲಿ ಗೊತ್ತಾದರೆ ನಗು, ಮದುವೆ ಹಾಲಿನಲ್ಲಿ ಗೊತ್ತಾದರೆ ಬೀಗರ ಮುಂದೆ ಮರ್ಯಾದೆ ಹೋಗುತ್ತದೆ.

ಕೇಳಿಸಿಕೊಳ್ಳುವ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೆಟ್ಟ ಸುದ್ದಿ. ಮೇ ತಿಂಗಳ ಲಗ್ನ. ಬೆಳಗಿನ ಜಾವ ಕಾಯಿ ರುಬ್ಬಿ ಇಟ್ಟಿದೆ. ಎಂಟು ಗಂಟೆಗೆ ಅದು ಸ್ವಲ್ಪ ಹುಳಿ ವಾಸನೆ ಹೊಡೆಯುತ್ತಿದೆ ಎಂದು ಮೊದಲು ಗೊತ್ತಾಗುವುದು ಯಾರಿಗೆ? ಮಾಲಕರಿಗಲ್ಲ, ಅವರು ಪಾರ್ಟಿಯ ಹತ್ತಿರ ನಗುತ್ತಾ ನಿಂತಿರುತ್ತಾರೆ. ಭಟ್ಟರಿಗೂ ಅಲ್ಲ, ಅವರು ಪಾಯಸದ ಕಡೆ ಇರುತ್ತಾರೆ. ಮುಚ್ಚಳ ತೆಗೆದು ಸೌಟು ಹಾಕುವ ಹದಿನೆಂಟು ಇಪ್ಪತ್ತರ ಹುಡುಗನಿಗೆ. ಅವನು ಆ ಗಳಿಗೆಯಲ್ಲಿ ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದರ ಮೇಲೆ ನಮ್ಮ ಇಪ್ಪತ್ತು ವರ್ಷದ ಹೆಸರು ನಿಂತಿದೆ. ಎಂಟು ಗಂಟೆಗೆ ಹೇಳಿದರೆ ಒಂದಷ್ಟು ತೆಂಗಿನಕಾಯಿ, ಒಂದು ಗಂಟೆಯ ಗಡಿಬಿಡಿ. ಹನ್ನೆರಡೂವರೆಗೆ ಮೊದಲ ಪಂಕ್ತಿಯಲ್ಲಿ ವರನ ತಂದೆ ಮೂಗು ಮುಚ್ಚಿಕೊಂಡರೆ ಅದರ ಬೆಲೆ ಎಷ್ಟು? ಊಟ ಮಾಡಿದವರಿಗೆ ರಾತ್ರಿ ವಾಂತಿ ಭೇದಿ ಶುರುವಾದರೆ? 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ ಎಂದು ಫುಡ್ ಸೇಫ್ಟಿ ಟ್ರೇನಿಂಗಿನಲ್ಲಿ ಹೇಳಿಕೊಡುತ್ತಾರೆ; ನಾವೂ ಸರ್ಟಿಫಿಕೇಟ್ ತೆಗೆದು ಗೋಡೆಗೆ ತೂಗು ಹಾಕಿದ್ದೇವೆ. ಆದರೆ ಥರ್ಮಾಮೀಟರ್ ಹಿಡಿದ ಹುಡುಗ ಬಂದು "ಅಣ್ಣಾ, ಸಾಂಬಾರು ತಣ್ಣಗಾಗಿದೆ" ಎಂದು ಹೇಳುವ ಧೈರ್ಯವನ್ನು ಯಾವ ಸರ್ಟಿಫಿಕೇಟೂ ಕೊಡುವುದಿಲ್ಲ.

ಹಾಗೆ ಹೇಳಿದವನಿಗೆ ನಾವು ಏನು ಮಾಡುತ್ತೇವೆ? ಹೆಚ್ಚಿನ ಕಡೆ ಮೊದಲು ಅವನಿಗೇ ಬೈಗುಳ. "ಏನು ನೋಡುತ್ತಾ ಇದ್ದೆ?" ಎಂದು. ಕೆಡಿಸಿದವನು ಬೇರೆ, ಬೈಸಿಕೊಂಡವನು ಬೇರೆ. ಮುಂದಿನ ಸಲ ಅವನು ಮುಚ್ಚಳ ಮುಚ್ಚಿ ಸುಮ್ಮನಿರುತ್ತಾನೆ. ಗ್ಯಾಸಿನ ಪೈಪು ಸೋರುತ್ತಿದ್ದರೂ, ಕಡಾಯಿಯ ಹಿಡಿ ಸಡಿಲವಾಗಿದ್ದರೂ, ತನ್ನ ಕೈಗೆ ಎಣ್ಣೆ ಸಿಡಿದು ಗುಳ್ಳೆ ಎದ್ದಿದ್ದರೂ ಹೀಗೆಯೇ ಸುಮ್ಮನಿರುತ್ತಾನೆ. ನಮ್ಮ ಸ್ಪಷ್ಟ ಅಭಿಪ್ರಾಯ ಇದು: ಕೆಟ್ಟ ಸುದ್ದಿ ಬೇಗ ತಂದವನನ್ನು ಆ ದಿನ ಬೈಯಬಾರದು. ತಪ್ಪು ಅವನದೇ ಆಗಿದ್ದರೂ ಆ ದಿನ ಬೈಯಬಾರದು. ಕೆಲಸ ಮುಗಿದು, ಪಾತ್ರೆ ತೊಳೆದು, ಮರುದಿನ ಚಹಾ ಕುಡಿಯುವಾಗ ಅವನೊಬ್ಬನನ್ನೇ ಕರೆದು ಕೇಳಿದರೆ ಸಾಕು.

ಬೈಗುಳವಿಲ್ಲದೆ ಅಡಿಗೆಮನೆ ನಡೆಯುವುದಿಲ್ಲ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಬೆಂಕಿಯ ಮುಂದೆ ನಿಂತವರಿಗೆ ತಲೆ ಬಿಸಿಯಾಗುವುದು ಸಹಜ, ಒಪ್ಪೋಣ. ಆದರೆ ಫ್ರಾನ್ಸಿನ ಅಡಿಗೆಯ ದೊಡ್ಡ ಗುರು ಎನಿಸಿದ ಆಗಸ್ಟ್ ಎಸ್ಕೋಫಿಯೆ (1846-1935) ಲಂಡನ್ನಿನ ದೊಡ್ಡ ಹೋಟೆಲುಗಳ ಅಡಿಗೆಮನೆ ವಹಿಸಿಕೊಂಡಾಗ ಕೂಗಾಟ, ಕೆಟ್ಟ ಮಾತು, ಕುಡಿತ ಇವನ್ನೆಲ್ಲ ನಿಲ್ಲಿಸಲು ಹೊರಟವರು. ಸೆಕೆಗೆ ಕುಡಿಯಲು ಮದ್ಯದ ಬದಲು ಬಾರ್ಲಿ ನೀರು ಇಡಿಸಿದರು. ಆ ಕಾಲದ ಅಲ್ಲಿನ ಅಡಿಗೆಮನೆ ಎಂದರೆ ಕಲ್ಲಿದ್ದಲಿನ ಒಲೆ, ಕುಡಿದ ಅಡಿಗೆಯವರು. ಅಲ್ಲಿ ಸಾಧ್ಯವಾದದ್ದು ಎಕ್ಸಾಸ್ಟ್ ಫ್ಯಾನಿರುವ ನಮ್ಮ ಅಡಿಗೆಮನೆಯಲ್ಲಿ ಅಸಾಧ್ಯವೇ?

ಬೈಗುಳಕ್ಕಿಂತ ಮೊದಲು ಹೆಸರಿನ ಮಾತು. ನಮ್ಮ ಭಟ್ಟರನ್ನು ಯಾರಾದರೂ "ಏ ಮದ್ರಾಸಿ" ಎಂದು ಕರೆದರೆ ನಮಗೆ ರೋಷ ಬರುತ್ತದೆ. ಮುಂಬಯಿಯಲ್ಲಿ ದಿಲ್ಲಿಯಲ್ಲಿ ಅದನ್ನು ಕೇಳಿ ಕೇಳಿ ನೊಂದವರು ನಾವು. ಆದರೆ ನಮ್ಮಲ್ಲೇ "ಏ ನೇಪಾಳಿ", "ಏ ಬಿಹಾರಿ", "ಏ ಛೋಟೂ" ಎನ್ನುವ ಕೂಗು ದಿನವೂ ನಡೆಯುತ್ತದೆ. ಮೂರು ವರ್ಷ ಮೋರಿಯಲ್ಲಿ ಪಾತ್ರೆ ತೊಳೆದವನ ಹೆಸರು ಕೇಳಿದರೆ ಮ್ಯಾನೇಜರರು ಮುಖ ನೋಡುತ್ತಾರೆ! ಹೋಳಿಗೆ ತಟ್ಟಲು, ಚಪಾತಿ ಲಟ್ಟಿಸಲು ಬರುವ ಹೆಂಗಸರನ್ನು ಕರೆಯುವ ಧಾಟಿಯ ಬಗ್ಗೆ ಬೇರೆಯೇ ಹೇಳಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಮಹಿಳೆಯರ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಅದಕ್ಕೆ ಮಹಿಳೆಯೇ ಮುಖ್ಯಸ್ಥೆ ಆಗಿರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ನಮ್ಮ ಎಷ್ಟು ಸದಸ್ಯರಲ್ಲಿ ಅದು ಇದೆ ಎಂಬುದನ್ನು ಅವರವರೇ ನೋಡಿಕೊಳ್ಳಲಿ.

ವಾಟ್ಸಾಪ್ ಗ್ರೂಪಿನ ಬಗ್ಗೆಯೂ ಒಂದು ಮಾತು. ಕೆಲಸಕ್ಕೆ ಅದು ಬಹಳ ಅನುಕೂಲ, ಸಂದೇಹವಿಲ್ಲ. ಆದರೆ ರಾತ್ರಿ ಒಂದು ಗಂಟೆಗೆ ಒಬ್ಬನ ತಪ್ಪನ್ನು ನಲವತ್ತು ಜನ ಕೇಳುವಂತೆ ವಾಯ್ಸ್ ಮೆಸೇಜಿನಲ್ಲಿ ಬೈದು ಹಾಕಿದರೆ ಅದು ಅಳಿಯುವುದಿಲ್ಲ. ಬಾಯಲ್ಲಿ ಬೈದದ್ದನ್ನು ಮನುಷ್ಯ ಮರೆಯಬಹುದು. ಇದನ್ನು ಅವನು ಊರಿನಲ್ಲಿರುವ ಹೆಂಡತಿಗೂ ಕೇಳಿಸಬಹುದು, ಪಕ್ಕದ ಕೇಟರರಿಗೂ ಕೇಳಿಸಬಹುದು.

ಇನ್ನು ಬರೆಯುವ ವಿಷಯ. ಇದರಲ್ಲಿ ನಮ್ಮವರು ತೀರಾ ಹಿಂದೆ. ಪಾರ್ಟಿಗೆ ಕೊಟೇಷನ್ ಚೆನ್ನಾಗಿ ಟೈಪ್ ಮಾಡಿಸಿ, ಮೇಲೆ ಗಣಪತಿಯ ಚಿತ್ರ ಹಾಕಿಸಿ ಕೊಡುತ್ತೇವೆ. ಅದರ ಒಂದು ಪ್ರತಿ ಅಡಿಗೆಮನೆಗೆ ಹೋಗುತ್ತದೆಯೇ? ಇಲ್ಲ. ಅಲ್ಲಿಗೆ ಹೋಗುವುದು ಮಾಲಕರ ನೆನಪು. ಪಾರ್ಟಿ "ಈರುಳ್ಳಿ ಬೆಳ್ಳುಳ್ಳಿ ಬೇಡ" ಎಂದದ್ದು, "ಮೂವತ್ತು ಜನ ಜೈನರು ಬರುತ್ತಾರೆ" ಎಂದದ್ದು ಬೇರೆ ಬೇರೆ ಮಾತು. ಜೈನ ಊಟಕ್ಕೆ ಆಲೂಗೆಡ್ಡೆ, ಕ್ಯಾರೆಟ್, ಮೂಲಂಗಿಯೂ ಆಗದು. ಚಾತುರ್ಮಾಸ್ಯದ ವ್ರತ ಇರುವ ಮಾಧ್ವರ ಮನೆಯ ಆರ್ಡರ್ ಬಂದರೆ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಇಲ್ಲ. ಇದನ್ನೆಲ್ಲ ಒಡಿಶಾದ ಹುಡುಗ ಹೇಗೆ ಊಹಿಸಬೇಕು? ಗೋಡಂಬಿ, ಶೇಂಗಾ ತಿಂದರೆ ಉಸಿರು ಕಟ್ಟುವ ಮಗು ಪಂಕ್ತಿಯಲ್ಲಿದ್ದರೆ ಅದು ಸಂಪ್ರದಾಯದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಒಂದೇ ಹಾಳೆ ಸಾಕು: ತಾರೀಕು, ವಾರ, ಹಾಲ್, ಎಷ್ಟು ಎಲೆ, ಎಷ್ಟು ಹೊತ್ತಿಗೆ, ಏನೇನು ಪದಾರ್ಥ, ಏನು ಹಾಕಬಾರದು, ಯಾರ ಜವಾಬ್ದಾರಿ, ಉಳಿದ ಅಡಿಗೆ ಯಾರದು. ಅದನ್ನು ಅಡಿಗೆಮನೆಯ ಕಂಬಕ್ಕೆ ಅಂಟಿಸಿ. ಎಲೆಯ ಲೆಕ್ಕದಲ್ಲಿ ಪಾರ್ಟಿಯ ಹತ್ತಿರ ಜಗಳವಾಗಿ, ಆ ಸಿಟ್ಟನ್ನು ಮಾಲಕರು ಕ್ಯಾಪ್ಟನ್ ಮೇಲೆ, ಕ್ಯಾಪ್ಟನ್ ಬಡಿಸುವ ಹುಡುಗರ ಮೇಲೆ ತೀರಿಸುವುದು ಅರ್ಧಕ್ಕರ್ಧ ಕಡಿಮೆಯಾದೀತು.

ಆದರೆ ಸಂಬಂಧ ನಿಜವಾಗಿ ಕೆಡುವುದು ಪಗಾರದ ಲೆಕ್ಕದಲ್ಲಿ. "ನೋಡಿ ಕೊಡುತ್ತೇನೆ ಮಾರಾಯ, ನಿನಗೆ ಮೋಸ ಮಾಡುತ್ತೇನಾ?" ಎಂಬ ಮಾತಿನ ಹಾಗೆ ಕೆಲಸಗಾರರನ್ನು ಓಡಿಸುವ ಮಾತು ಇನ್ನೊಂದಿಲ್ಲ. ಉಚಲ್ ಎಂದು ಮುಂಬಯಿ ಪುಣೆ ಕಡೆ ಕರೆಯುವ ಮುಂಗಡ ಮಾಲಕರ ಡೈರಿಯಲ್ಲಿ ಒಂದು ಲೆಕ್ಕ, ಹುಡುಗನ ತಲೆಯಲ್ಲಿ ಇನ್ನೊಂದು ಲೆಕ್ಕ. ಲಗ್ನದ ಸೀಸನ್ನಿನಲ್ಲಿ ರಾತ್ರಿ ಹಗಲು ಮಾಡಿದ ಹೆಚ್ಚಿನ ಕೆಲಸಕ್ಕೆ ಎಷ್ಟು ಎಂದು ಸೀಸನ್ ಮುಗಿದ ಮೇಲೆ ಮಾತು. ಎರಡೂ ಕಡೆಯವರು ಪ್ರಾಮಾಣಿಕರೇ ಆಗಿರಬಹುದು, ಆದರೂ ಲೆಕ್ಕ ಕೂಡುವುದಿಲ್ಲ. ಹತ್ತು ರೂಪಾಯಿಯ ಒಂದು ಸಣ್ಣ ಪುಸ್ತಕ ಅವನ ಕೈಯಲ್ಲೇ ಕೊಟ್ಟು, ಕೊಟ್ಟ ದಿನ ಕೊಟ್ಟ ಹಣ ಬರೆದು, ಇಬ್ಬರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಮುಗಿಯಿತು.

"ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಿದುಕೊಂಡು ಲೇಬರ್ ಆಫೀಸಿಗೆ ಹೋಗುತ್ತಾನೆ" ಎಂಬುದು ಸಾಮಾನ್ಯವಾಗಿ ಬರುವ ಆಕ್ಷೇಪ. ಬರೆದುಕೊಡದಿದ್ದರೂ ಹೋಗುತ್ತಾನೆ, ಆಗ ನಮ್ಮ ಕಡೆ ತೋರಿಸಲು ಏನೂ ಇರುವುದಿಲ್ಲ ಅಷ್ಟೆ. ಅಲ್ಲದೆ 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದೆ. ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡುವುದೂ ಅದರಲ್ಲಿ ಸೇರಿದೆ. ತಮ್ಮ ಸಂಸ್ಥೆಗೆ ಏನೇನು ಅನ್ವಯಿಸುತ್ತದೆ ಎಂದು ಸದಸ್ಯರು ತಮ್ಮ ಕನ್ಸಲ್ಟೆಂಟರ ಹತ್ತಿರ ಕೂಡಲೇ ಕೇಳಿಕೊಳ್ಳುವುದು ಒಳ್ಳೆಯದು.

2020ರ ಮಾರ್ಚ್ 25ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ರಾತ್ರೋರಾತ್ರಿ ಎಲ್ಲ ಆರ್ಡರ್ ರದ್ದು. ಹುಡುಗರು ಹೇಗೋ ಊರು ಸೇರಿದರು, ಕೆಲವರು ನಡೆದೇ ಹೋದರು. ತಿಂಗಳುಗಟ್ಟಲೆ ನಂತರ ಹಾಲ್‌ಗಳು ತೆರೆದಾಗ ಅವರನ್ನು ಕರೆಸೋಣ ಎಂದರೆ ಅನೇಕರ ಹತ್ತಿರ ಇದ್ದದ್ದು ಒಂದು ಮೊಬೈಲ್ ನಂಬರ್, ಅದೂ ಸ್ವಿಚ್ ಆಫ್. ಊರು ಯಾವುದು, ಜಿಲ್ಲೆ ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ದಿನಗಳಲ್ಲಿ ವಾರಕ್ಕೊಮ್ಮೆ ಫೋನ್ ಮಾಡಿ "ಊಟಕ್ಕೆ ಇದೆಯಾ, ತಾಯಿ ಹೇಗಿದ್ದಾರೆ" ಎಂದು ಕೇಳಿದ ಮಾಲಕರೂ ನಮ್ಮಲ್ಲಿ ಇದ್ದರು. ಅವರ ಹುಡುಗರು ಯಾರ ಬಳಿಗೆ ಮೊದಲು ಬಂದರು ಎಂದು ಬೇರೆ ಹೇಳಬೇಕಾಗಿಲ್ಲ.

ಬರೆದರೆ ಓದುವವರು ಯಾರು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹಿಂದೆ ಮುಂಬಯಿಯಲ್ಲಿ ಹಗಲು ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತ ಹುಡುಗರು ಮುಂದೆ ತಾವೇ ಹೋಟೆಲ್ ಮಾಲಕರಾದರು. ನಮ್ಮ ಉದ್ಯಮದ ಹಿರಿಯರಲ್ಲಿ ಅಂಥವರು ಎಷ್ಟು ಮಂದಿ! ಇಂದಿನ ಹುಡುಗನಿಗೆ ಆ ಶಾಲೆ ಇಲ್ಲ, ಇದ್ದರೂ ಅವನ ಭಾಷೆಯಲ್ಲಿಲ್ಲ. ಆದ್ದರಿಂದ ಹಾಳೆಯನ್ನು ಹಿಂದಿಯಲ್ಲಿ ಬರೆಯಿಸಿ, ಅಂಕಿ ದೊಡ್ಡದಾಗಿ ಬರೆಯಿಸಿ, ಒಬ್ಬ ಓದಬಲ್ಲ ಹುಡುಗನಿಂದ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿಸಿ. ಯಾರಿಗೆ ಓದಲು ಬರುವುದಿಲ್ಲ ಎಂದು ಎಲ್ಲರೆದುರು ಕೇಳಬೇಡಿ. ನಾಲ್ಕು ದಿನ ಓದಿಸಿದರೆ ತಾನಾಗಿಯೇ ಗೊತ್ತಾಗುತ್ತದೆ.

ಸಂಘದ ಮುಂದೆ ನಮ್ಮದೊಂದು ಸಲಹೆ ಇದೆ. ಆರ್ಡರ್ ಹಾಳೆಯೂ ಪಗಾರದ ಪುಸ್ತಕವೂ ಎಲ್ಲ ಸದಸ್ಯರಿಗೂ ಒಂದೇ ರೀತಿಯದು ಅಚ್ಚಾಗಲಿ; ಕನ್ನಡ, ಹಿಂದಿ ಎರಡೂ ಇರಲಿ, ಜೊತೆಗೆ ಆಯಾ ಊರಿಗೆ ತಕ್ಕಂತೆ ಮರಾಠಿ, ತಮಿಳು, ತೆಲುಗು ಸೇರಲಿ. ಒಬ್ಬೊಬ್ಬರೇ ಮಾಡಿಸಿದರೆ ಖರ್ಚು, ಒಟ್ಟಿಗೆ ಮಾಡಿಸಿದರೆ ಅಗ್ಗ. ಈಗಾಗಲೇ ಇಂಥ ಹಾಳೆ ಬಳಸುತ್ತಿರುವ ಸದಸ್ಯರು ಒಂದೊಂದು ಪ್ರತಿಯನ್ನು ಮುಂದಿನ ಸಭೆಗೆ ತಂದರೆ ಅದರಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳಬಹುದು. ಪದಾರ್ಥಗಳ ಹೆಸರಿನ ಪಟ್ಟಿ ಮಾಡುವಾಗ ಮಾತ್ರ ಸಜ್ಜಿಗೆಯ ಮುಂದೆ ಏನು ಬರೆಯಬೇಕು ಎಂಬುದನ್ನು ಉಡುಪಿಯವರೂ ಮೈಸೂರಿನವರೂ ಕುಳಿತು ಮೊದಲು ತೀರ್ಮಾನ ಮಾಡಿಕೊಳ್ಳಬೇಕು!